ನರ್ಸರಿ ಚೀಟಿಯ ‘ಕಲ್ಲಿಂಗ್’ ಅಂದರೆ ಎಲ್ಲ ಸಸಿ ಕಿತ್ತೆಸೆಯುವುದಲ್ಲ

ತೆಂಗಿನ ನರ್ಸರಿಯ ಚೀಟಿಯಲ್ಲಿ ‘ಕಲ್ಲಿಂಗ್’ ಅಂತ ಇರುವುದು ನೋಡಿ, ಸಸಿ ಎಲ್ಲ ಕಿತ್ತೆಸೆಯಬೇಕಾ ಅಂತ ಕೇಳಿದ್ದೀರಿ. ಹಕ್ಕಿಜ್ವರದ ಸುದ್ದಿ ಕೇಳಿ ಕೇಳಿ ಈ ಗೊಂದಲ ಆಗಿರಬೇಕು. ಅಲ್ಲಿ ಕಲ್ಲಿಂಗ್ ಅಂದರೆ ರೋಗ ಕಂಡ ಜಾಗದ ಸುತ್ತ 1 ಕಿ.ಮೀ. ಒಳಗಿನ ಕೋಳಿ, ಬಾತು ಎಲ್ಲವನ್ನೂ ಕೊಲ್ಲುವುದು. ನಿಮ್ಮ ತೆಂಗಿನ ಸಸಿಗಳ ಚೀಟಿಯಲ್ಲಿರುವುದು ಅದಲ್ಲ. ಕಳಪೆಯದ್ದನ್ನು ಮಾತ್ರ ಹೆಕ್ಕಿ ತೆಗೆಯಿರಿ ಅಂತ, ಅಕ್ಕಿಯಿಂದ ಕಲ್ಲು ಹೆಕ್ಕಿದ ಹಾಗೆ. ಇಂಗ್ಲಿಷಿನಲ್ಲಿ ಹೂವು ಕೊಯ್ಯುವುದಕ್ಕೂ, ಪುಸ್ತಕಗಳಿಂದ ಮಾಹಿತಿ ಆಯುವುದಕ್ಕೂ ಇದೇ ಪದ ನಡೆಯುತ್ತದೆ.

ಮೊದಲು, ನೆಟ್ಟು 6 ತಿಂಗಳಾದರೂ ಮೊಳೆಯದ ಕಾಯಿ ಮತ್ತು ಮೊಳಕೆ ಸತ್ತ ಕಾಯಿ ತೆಗೆದುಬಿಡಿ. ಇದರಲ್ಲಿ ಯೋಚಿಸುವುದೇನಿಲ್ಲ.

ಉಳಿದದ್ದಕ್ಕೆ ಒಂದು ವರ್ಷ ಆಗಲಿ. ಆಮೇಲೆ ಬುಡಕ್ಕೆ ದಾರ ಸುತ್ತಿ ಅಳೆಯಿರಿ. ಸುತ್ತಳತೆ 10 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅಥವಾ 6 ಎಲೆಯೂ ಬಂದಿಲ್ಲದಿದ್ದರೆ ಆ ಸಸಿ ಬೇಡ. ಗರಿ ಬೇಗ ಸೀಳಿಕೊಂಡಿದ್ದರೆ ಇಟ್ಟುಕೊಳ್ಳಿ, ಒಳ್ಳೆಯ ಲಕ್ಷಣ. ಸುಮ್ನೆ ಉದ್ದ ಬೆಳೆದು ಸಪೂರ ಆದದ್ದಕ್ಕೆ ಮರುಳಾಗಬೇಡಿ. ನೆರಳಲ್ಲಿ, ಒತ್ತೊತ್ತಾಗಿ ಇದ್ದರೆ ಹಾಗೇ ಆಗುವುದು ಅಲ್ವಾ?

ಈ ಅಳತೆ ನಮ್ಮ ಊರಿನ ಎತ್ತರದ ತಳಿಗೆ. ಗಿಡ್ಡ ತಳಿಯಾದರೆ ಬುಡ ಅಷ್ಟು ದಪ್ಪ ಆಗದೇ ಇರಬಹುದು, ತೆಗೆಯುವ ಮೊದಲು ತಳಿಯ ಹೆಸರು ನೋಡಿ. ಗೊತ್ತಾಗದಿದ್ದರೆ ಕಾಸರಗೋಡಿನ ಹತ್ತಿರ ಕೂಡ್ಲಿನಲ್ಲಿರುವ ಸಿಪಿಸಿಆರ್‌ಐಯಲ್ಲಿ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಳಿ, ಕುಂಬಳೆಯಿಂದ ಜಾಸ್ತಿ ದೂರ ಇಲ್ಲ.