ಸ್ಪ್ರಿಂಗಿಗೆ ಎಲ್ಲಿಂದ ಬಂತು ಇಷ್ಟು ಶಕ್ತಿ?

ಪ್ರಶ್ನೆ: ಸ್ಪ್ರಿಂಗಿಗೆ ಕಟ್ಟಿದ ಗುಂಡಿನ ಓಲಾಟವನ್ನು ಆಯ್ಲರ್ ವಿಧಾನದಲ್ಲಿ (ಕಾಲವನ್ನು ಸಣ್ಣ ಸಣ್ಣ ಸ್ಟೆಪ್ಪುಗಳಾಗಿ ಒಡೆದು ಲೆಕ್ಕ ಹಾಕುವುದು) ಪೈಥಾನ್ ಕೋಡ್ ಮಾಡಿದ್ದೇನೆ. ಪ್ರತಿ ಸ್ಟೆಪ್ಪಿನಲ್ಲೂ ಮೊದಲು ವೇಗೋತ್ಕರ್ಷ, ಆಮೇಲೆ ಸ್ಥಾನ, ಕೊನೆಗೆ ವೇಗ. ಸ್ಟೆಪ್ 0.1. ಘರ್ಷಣೆ ಸೇರಿಸಿಲ್ಲ, ಆದರೂ ಓಲಾಟ ದೊಡ್ಡದಾಗುತ್ತಲೇ ಹೋಗುತ್ತದೆ. ನನ್ನ ಹಳೇ ಲ್ಯಾಪ್‌ಟಾಪ್ ದಶಮಾಂಶ ಸರಿಯಾಗಿ ಹಿಡಿಯುತ್ತಿಲ್ಲವೇ?
– ಬಿ.ಎಸ್ಸಿ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ಪಾಪ, ಲ್ಯಾಪ್‌ಟಾಪ್ ಏನು ಮಾಡೀತು! ಅದು ಸುಮಾರು 16 ಅಂಕಿಯವರೆಗೆ ಲೆಕ್ಕ ಇಡುತ್ತದೆ, ಈ ಕೆಲಸಕ್ಕೆ ಬೇಕಾದಷ್ಟಾಯಿತು. ಎಡವಟ್ಟು ವಿಧಾನದಲ್ಲೇ ಇದೆ.

ಹಾಳೆ ಮೇಲೆ ಎರಡು ಸ್ಟೆಪ್ ಹಾಕಿ ನೋಡಿ. ಗುಂಡಿನ ದ್ರವ್ಯರಾಶಿ, ಸ್ಪ್ರಿಂಗಿನ ಬಿಗಿತ ಎರಡೂ 1 ಇರಲಿ. ಶುರುವಿಗೆ ಸ್ಥಾನ 1, ವೇಗ 0. ಮೊದಲ ಸ್ಟೆಪ್ ಆದಾಗ ವೇಗ −0.1, ಸ್ಥಾನ ಮಾತ್ರ 1ರಲ್ಲೇ ಕೂತಿದೆ, ಯಾಕಂದ್ರೆ ಅದನ್ನು ಸರಿಸಲು ನೀವು ಬಳಸಿದ್ದು ಹಳೇ ವೇಗ, ಅಂದರೆ ಸೊನ್ನೆ. ಸ್ಪ್ರಿಂಗಿನಲ್ಲಿದ್ದ ಶಕ್ತಿ ಹಾಗೇ ಉಳಿಯಿತು, ಚಲನೆಯ ಶಕ್ತಿ ಸುಮ್ನೆ ಬಂದು ಸೇರಿತು. ಸ್ಥಾನ, ವೇಗ ಎರಡರ ವರ್ಗ ಕೂಡಿಸಿ (ಒಟ್ಟು ಶಕ್ತಿ ಇದರ ಅರ್ಧ): 1 ಇದ್ದದ್ದು 1.01 ಆಯಿತು, ಮುಂದಿನ ಸ್ಟೆಪ್ಪಿಗೆ 1.0201. ಚಕ್ರಬಡ್ಡಿ ಅಲ್ವಾ ಇದು? ಒಂದು ಓಲಾಟಕ್ಕೆ ಸುಮಾರು 63 ಸ್ಟೆಪ್ ಬೇಕು, ಅಷ್ಟರಲ್ಲಿ ಶಕ್ತಿ 1.87 ಪಟ್ಟು! ಸ್ಟೆಪ್ಪನ್ನು 0.01ಕ್ಕೆ ಇಳಿಸಿ ಹತ್ತು ಪಟ್ಟು ದುಡಿಸಿದರೂ ಪ್ರತಿ ಓಲಾಟಕ್ಕೆ ಶೇ 6.5ರಷ್ಟು ಏರುತ್ತದೆ.

ಮದ್ದು ಸಣ್ಣದು. ಕೊನೆಯ ಎರಡು ಸಾಲು ಅದಲುಬದಲು ಮಾಡಿ, ವೇಗ ಮೊದಲು, ಆ ಹೊಸ ವೇಗದಿಂದಲೇ ಸ್ಥಾನ. ಈಗ ಮೊದಲ ಸ್ಟೆಪ್ ಆದಾಗ ಸ್ಥಾನ 0.99, ವರ್ಗಗಳ ಮೊತ್ತ 0.9901. ಇದೂ 1 ಅಲ್ವಲ್ಲ ಅಂತೀರಿ. ನಿಜ, ಆದರೆ ಎಷ್ಟು ಹೊತ್ತು ಓಡಿಸಿದರೂ ಅದು 0.95 ಮತ್ತು 1.05ರ ಆಸುಪಾಸಿನಲ್ಲೇ ಏರಿಳಿಯುತ್ತದೆ, ತಪ್ಪಿಸಿಕೊಂಡು ಹೋಗಲ್ಲ. 1981ರಲ್ಲಿ ಭೌತವಿಜ್ಞಾನಿ ಅಲನ್ ಕ್ರೋಮರ್ ಇದರ ಬಗ್ಗೆ ಲೇಖನ ಬರೆದರು. ಅವರಿಗೆ ಇದು ಸಿಕ್ಕಿದ್ದು ಒಬ್ಬ ಹೈಸ್ಕೂಲ್ ಹುಡುಗಿಯಿಂದ!

ನಿಮ್ಮ ಮೇಷ್ಟ್ರು ರುಂಗೆ–ಕುಟ್ಟ (ಪ್ರತಿ ಸ್ಟೆಪ್ಪಿನೊಳಗೆ ನಾಲ್ಕು ಸಲ ಲೆಕ್ಕ ಹಾಕಿ ಸರಾಸರಿ ಹಿಡಿಯುವ ವಿಧಾನ) ಹಾಕು ಅಂದಾರು. ಅದೂ ಒಳ್ಳೆಯದೇ. 0.1ರ ಸ್ಟೆಪ್ಪಿನಲ್ಲೂ ಒಂದು ಓಲಾಟಕ್ಕೆ ಶಕ್ತಿಯಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲಿನಷ್ಟೂ ವ್ಯತ್ಯಾಸ ಬರಲ್ಲ. ಆದರೆ ಆ ಚೂರು ಪ್ರತಿ ಸಲವೂ ಸೋರುತ್ತಲೇ ಇರುತ್ತದೆ. ಅದಕ್ಕೇ ಅಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಸ್ಟೆಪ್ ಓಡಿಸುವವರು ನಿಮ್ಮ ಅದಲುಬದಲಿನ ಹತ್ತಿರದ ನೆಂಟನಾದ ವೆರ್ಲೆ ವಿಧಾನವನ್ನೇ ಹಿಡಿಯುತ್ತಾರೆ. 1967ರಲ್ಲಿ ಭೌತವಿಜ್ಞಾನಿ ಲೂ ವೆರ್ಲೆ ಅದರಿಂದ 864 ಆರ್ಗಾನ್ ಪರಮಾಣುಗಳ ಚಲನೆ ಲೆಕ್ಕ ಹಾಕಿದ್ದರು.

ಮುಂದೆ ಘರ್ಷಣೆ ಸೇರಿಸಿದರೆ ಮಾತು ಬೇರೆ. ಅಲ್ಲಿ ಶಕ್ತಿ ಹೇಗೂ ಕಮ್ಮಿಯಾಗಲೇಬೇಕು, ಮೇಷ್ಟ್ರ ಮಾತು ಕೇಳಿ.