ಅಪ್ಪನ ಎರಡು ಬೆರಳು

ಪ್ರಿಯ ಸಹೋದರಿ,

ನಮಸ್ಕಾರ. ಕ್ರೈಸ್ತ ಬದುಕಿನಲ್ಲಿ ಕೈಗಳ ಅರ್ಥದ ಬಗ್ಗೆ ನೀವು ಬರೆದ ಲೇಖನ ತಲುಪಿತು. 14 ಪುಟ, ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ 9ನೇ ಪುಟದ ಎರಡು ಸಾಲು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ತಪ್ಪುಗಳು. ಗೆತ್ಸೆಮನೆ ತೋಟದಲ್ಲಿ ಯೇಸು ಎರಡೂ ಕೈ ಜೋಡಿಸಿ ಪ್ರಾರ್ಥಿಸಿದರು ಅಂತ ಬರೆದಿದ್ದೀರಿ. ಅದು ಗೋಡೆಯ ಕ್ಯಾಲೆಂಡರಿನಲ್ಲಿದೆ, ಯೇಸುವಿನ ಬದುಕನ್ನು ಹೇಳುವ ಶುಭಸಂದೇಶದಲ್ಲಿ ಇಲ್ಲ. ಅವರು ಮುಖ ಕೆಳಗೆ ಮಾಡಿ ನೆಲಕ್ಕೆ ಬಿದ್ದರು ಅನ್ನುತ್ತಾನೆ ಅದನ್ನು ಬರೆದ ಮತ್ತಾಯ. ಮೊಣಕಾಲೂರಿದರು ಅನ್ನುತ್ತಾನೆ ಲೂಕ. ಬೈಬಲಿನ ಜನ ಪ್ರಾರ್ಥನೆಗೆ ಕೈ ಎತ್ತುತ್ತಿದ್ದರು. 141ನೇ ಕೀರ್ತನೆ ಎತ್ತಿದ ಕೈಯನ್ನೇ ಸಂಜೆಯ ಬಲಿಗೆ ಹೋಲಿಸುತ್ತದೆ. ರೋಮಿನ ನೆಲದಡಿಯ ಸಮಾಧಿಗಳಲ್ಲಿ ಮೊದಮೊದಲ ಕ್ರೈಸ್ತರು ಬಿಡಿಸಿದ ಚಿತ್ರಗಳಲ್ಲೂ ಪ್ರಾರ್ಥಿಸುವವರು ತೋಳು ಚಾಚಿ ನಿಂತಿದ್ದಾರೆ. ಇವತ್ತು ಪೂಜೆಯಲ್ಲಿ ಫಾದರ್ ಕೈ ಚಾಚುತ್ತಾರಲ್ಲ, ಅದೇ ರೀತಿ. ಅಂಗೈ ಜೋಡಿಸುವುದು ಯುರೋಪಿನಲ್ಲಿ ಹರಡಿದ್ದು ಮಧ್ಯಯುಗದಲ್ಲಿ. ನಮಗಾದರೋ ಕೈಮುಗಿಯುವುದನ್ನು ಯಾರೂ ಹೊರಗಿನಿಂದ ಬಂದು ಕಲಿಸಬೇಕಿರಲಿಲ್ಲ. 1969ರಲ್ಲಿ ಭಾರತದ ಕಥೋಲಿಕ ಪೂಜೆಯೊಳಗೆ ಈ ನೆಲದ ರೂಢಿಗಳನ್ನು ತರುವ 12 ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಶಾಂತಿ ಹಂಚಿಕೊಳ್ಳುವಾಗ ಪಕ್ಕದವರಿಗೆ ಕೈಮುಗಿಯುವುದೂ ಅದರಲ್ಲಿತ್ತು. ಇಷ್ಟನ್ನು ತಿಳಿದು ಬರೆದಿದ್ದರೆ ನಿಮ್ಮ ಮೂರನೇ ಪುಟಕ್ಕೆ ಜೀವ ಬರುತ್ತಿತ್ತು.

‘ಎಡಗೈ ಪಾಪದ ಗುರುತು’ ಅನ್ನುವ ಸಾಲನ್ನು ದಯವಿಟ್ಟು ತೆಗೆಯಿರಿ. ಎಡಗೈಯಲ್ಲಿ ಬರೆಯುವ ಮಗುವೊಂದು ಅದನ್ನು ಓದಬಹುದು. ಇಸ್ರಾಯೇಲರನ್ನು ಬಿಡಿಸಲು ದೇವರು ಎಬ್ಬಿಸಿದ ಏಹೂದ ಎಡಚನೇ ಆಗಿದ್ದ. 4ನೇ ಶತಮಾನದ ಜೆರುಸಲೇಮಿನ ಬಿಷಪ್ ಸಿರಿಲರ ಹೆಸರಿನ ಉಪದೇಶದಲ್ಲಿ, ಪರಮಪ್ರಸಾದ, ಅಂದರೆ ಪೂಜೆಯ ರೊಟ್ಟಿ, ಪಡೆಯುವಾಗ ಎಡಗೈಯನ್ನು ಬಲಗೈಗೆ ಸಿಂಹಾಸನ ಮಾಡಿ ಅನ್ನುವ ಮಾತಿದೆ. ನಮ್ಮಲ್ಲೂ ಹಿರಿಯರು ಏನಾದರೂ ಕೊಟ್ಟರೆ ಬಲಗೈ ಕೆಳಗೆ ಎಡಗೈ ತಾನಾಗಿ ಹೋಗುತ್ತದೆ, ಅಲ್ವಾ?

ಇನ್ನು ನೀವು ಎತ್ತಿಕೊಂಡ ಬೈಬಲ್ ವಚನಗಳ ವಿಷಯ. ಒಟ್ಟು 23 ಇವೆ. ಮೋಶೆಯ ಕೈಗೆ ಒಂದು ಸಾಲು, ಪಿಲಾತನ ಕೈಗೆ ಒಂದು ಸಾಲು, ತೋಮನ ಬೆರಳಿಗೆ ಅರ್ಧ ಸಾಲು. ಯಾರ ಕೈಯನ್ನೂ ನೀವು ನಿಂತು ನೋಡಲಿಲ್ಲ. ಮಾರ್ಕನ ಮೊದಲ ಅಧ್ಯಾಯದ ಕುಷ್ಠರೋಗಿಯನ್ನೇ ತೆಗೆದುಕೊಳ್ಳಿ. ಯೇಸು ಅವನನ್ನು ಮುಟ್ಟಿ ವಾಸಿಮಾಡಿದರು ಅಂತ ಬರೆದು ಮುಂದೆ ಹೋಗಿದ್ದೀರಿ. ರೋಮ್ ಸೈನ್ಯದ ಶತಾಧಿಪತಿಯೊಬ್ಬನ ಸೇವಕನನ್ನು ಅವರು ಮನೆಗೂ ಹೋಗದೆ ಬರೀ ಮಾತಿನಿಂದ ವಾಸಿಮಾಡಿದರು. ಇವನಿಗೂ ಅಷ್ಟೇ ಸಾಕಾಗುತ್ತಿತ್ತು. ಆದರೂ ಕೈ ಚಾಚಿ ಮುಟ್ಟಿದರು. ಅದೂ ಅವನು ವಾಸಿಯಾಗುವ ಮೊದಲೇ. ‘ಅಶುದ್ಧ, ಅಶುದ್ಧ’ ಅಂತ ಕೂಗಿಕೊಳ್ಳುತ್ತಾ ಊರಾಚೆ ಇರಬೇಕೆಂಬ ಕಟ್ಟಳೆ ಇದ್ದ ಮನುಷ್ಯ ಅವನು. ಇನ್ನೊಬ್ಬರ ಅಂಗೈ ಮೈಗೆ ತಾಗಿ ಎಷ್ಟು ಕಾಲವಾಗಿತ್ತೋ! ಮುಟ್ಟದಿರುವುದು ಅಂದರೆ ಏನು ಅಂತ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯ ಹಟ್ಟಿಗಳಿಗೆ ವಿವರಿಸಬೇಕಿಲ್ಲ. ಮೇಲಿನಿಂದ ಹುಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದವರ ಮಕ್ಕಳು, ಮೊಮ್ಮಕ್ಕಳು ನಮ್ಮ ಓದುಗರಲ್ಲಿದ್ದಾರೆ. ಆ ಬೊಗಸೆಯೂ ಕೈಯೇ. ಈ ಒಂದು ಘಟನೆಗೆ ಒಂದು ಪುಟ ಕೊಡಿ. ಉಳಿದ ವಚನಗಳಲ್ಲಿ ಇಪ್ಪತ್ತನ್ನು ಬಿಟ್ಟರೂ ನಷ್ಟವಿಲ್ಲ.

ಈಗ 9ನೇ ಪುಟ. ‘ನಮ್ಮಪ್ಪ ಹತ್ತಿ ಗಿರಣಿಯಲ್ಲಿ ಕಡಿದ ಎಳೆ ಕಟ್ಟುತ್ತಿದ್ದರು. ಗಿರಣಿ ಮುಚ್ಚಿ ಎಷ್ಟೋ ವರ್ಷವಾದರೂ ದೇವಾಲಯದಲ್ಲಿ ಕೂತಾಗ ಅವರ ಹೆಬ್ಬೆರಳು, ತೋರುಬೆರಳು ಹೊಸೆಯುತ್ತಲೇ ಇರುತ್ತವೆ.’

ಇದನ್ನು ಓದಿ ನಾನು ಕಾಗದ ಕೆಳಗಿಟ್ಟೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಾದ ಊರು ನಮ್ಮದು. ಗಿರಣಿಯ ಕೂಗಿಗೆ ಎದ್ದು ಡಬ್ಬಿ ಕಟ್ಟಿಕೊಂಡು ಹೋದವರು ಓಣಿ ಓಣಿಯಲ್ಲಿದ್ದರು. ಅವರ ಕೈಗಳು ಪ್ರಾರ್ಥನೆಯಲ್ಲಿ ಏನು ಮಾಡುತ್ತವೆ ಅಂತ ಯಾರಾದರೂ ಬರೆದದ್ದನ್ನು ನಾನು ಓದಿಲ್ಲ. ನೀವು ಬರೆದಿರಿ. ಆದರೆ ಮರು ಸಾಲಿನಲ್ಲೇ ‘ಅದೇ ರೀತಿ ಪೌಲನು’ ಅಂತ ಶುರು ಮಾಡಿ ಅಪ್ಪನನ್ನು ಅಲ್ಲೇ ಬಿಟ್ಟು ಹೋದಿರಿ. ಯಾಕೆ? ಬೈಬಲಿನ ಪಕ್ಕದಲ್ಲಿ ಮನೆಯ ಮಾತು ಸಣ್ಣದು ಅನ್ನಿಸಿತೇ?

ಪೌಲ ಗುಡಾರ ಹೊಲಿಯುವ ಕಸುಬಿನವನು. ಎಫೆಸದ ಹಿರಿಯರ ಮುಂದೆ ತನ್ನ ಕೈಗಳನ್ನೇ ಸಾಕ್ಷಿಗೆ ಕರೆದವನು. ನನ್ನ ಖರ್ಚಿಗೂ ನನ್ನ ಜೊತೆಯವರ ಖರ್ಚಿಗೂ ದುಡಿದದ್ದು ಈ ಕೈಗಳೇ ಅಂದ. ಇನ್ನೊಂದು ಮಾತು ನಿಮ್ಮ 14 ಪುಟದಲ್ಲಿ ಎಲ್ಲೂ ಇಲ್ಲ, ಅದು ನನಗೆ ಬಹಳ ಬೇಸರ ತಂದಿತು. ಪ್ರತಿ ಭಾನುವಾರ ಕಾಣಿಕೆಯ ಹೊತ್ತಿಗೆ ಫಾದರ್ ರೊಟ್ಟಿ ಎತ್ತಿ, ಇದು ಭೂಮಿಯ ಫಲ, ಮನುಷ್ಯರ ದುಡಿಮೆಯ ಫಲ ಅನ್ನುತ್ತಾರೆ. ಅದನ್ನು ಕೇಳುತ್ತಾ ನಿಮ್ಮ ಅಪ್ಪ ಬೆಂಚಿನಲ್ಲಿ ಕೂತಿರುತ್ತಾರೆ, ಬೆರಳು ಹೊಸೆಯುತ್ತಾ. ಇವೆರಡನ್ನೂ ಒಂದೇ ಕಡೆ ಇಡಿ. ಇಟ್ಟಮೇಲೆ ವಿವರಿಸಲು ಹೋಗಬೇಡಿ. ‘ಆಧ್ಯಾತ್ಮಿಕ’ ಅನ್ನುವ ಪದವನ್ನು 31 ಸಲ ಬಳಸಿದ್ದೀರಿ. ಈ ಒಂದು ಬೆಂಚು ಸಿಕ್ಕರೆ ಆ ಪದ ಒಮ್ಮೆಯೂ ಬೇಕಾಗುವುದಿಲ್ಲ.

ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಅಂದ ಶಿಷ್ಯ ತೋಮನನ್ನು ಮಾತ್ರ ಉಳಿಸಿಕೊಳ್ಳಿ. ಸತ್ತು ಎದ್ದು ಬಂದ ಯೇಸು ಗುರುತಿಗೆ ಅಂತ ತೋರಿಸಿದ್ದು ಮೊಳೆ ಹೊಡೆದ ಕೈಗಳನ್ನು. ಗಾಯ ಮಾಯವಾಗಿರಲಿಲ್ಲ. ಕೈ ಪಟ್ಟ ಪಾಡು ಕೈಯಲ್ಲೇ ಉಳಿದಿತ್ತು. ಇದನ್ನು ಅಪ್ಪನ ಬೆರಳಿನ ಹತ್ತಿರ ಎಲ್ಲಿಡಬೇಕು ಅನ್ನುವುದನ್ನು ನೀವೇ ಹುಡುಕಿ. ನಾನು ಹೇಳಿಬಿಟ್ಟರೆ ಅದು ನನ್ನ ಲೇಖನವಾಗುತ್ತದೆ.

ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಹೋಗುವವರಾದರೆ ಈ ಸಲ ಜನರ ಮುಖ ಬಿಟ್ಟು ಕೈ ನೋಡಿ. ಸೆರಗೊಡ್ಡುವವರು, ಮೇಣದಬತ್ತಿಗೆ ಗಾಳಿ ತಾಗದಂತೆ ಅಂಗೈ ಅಡ್ಡ ಹಿಡಿಯುವವರು, ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು. ಅಲ್ಲಿ ಬರುವವರೆಲ್ಲ ಕ್ರೈಸ್ತರೂ ಅಲ್ಲ. ಅದು ಇನ್ನೊಂದು ಲೇಖನ, ಇದಕ್ಕೆ ಸೇರಿಸಬೇಡಿ.

ನನಗೆ ಬೇಕಿರುವುದು 4 ಪುಟ. ಅವಸರವಿಲ್ಲ, ಈಸ್ಟರ್ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಬರೆಯುವ ಮುಂಚೆ ಒಂದು ದಿನ ಅಪ್ಪನ ಪಕ್ಕ ಕೂತು, ಒಂದು ದಾರ ಕಡಿದು ಎರಡೂ ತುದಿಗಳನ್ನು ಅವರ ಕೈಗೆ ಕೊಡಿ. ಓಡುವ ಮಷೀನಿನಲ್ಲಿ ಇದನ್ನು ಹೇಗೆ ಸೇರಿಸುತ್ತಿದ್ದಿರಿ ಅಂತ ಕೇಳಿ. ಅವರು ಮಾಡಿ ತೋರಿಸುವಾಗ ಏನನ್ನೂ ಬರೆದುಕೊಳ್ಳಬೇಡಿ, ಸುಮ್ನೆ ನೋಡಿ.

ಪ್ರೀತಿಯಿಂದ,
ಸಂಪಾದಕ
ದಾವಣಗೆರೆ