ಎತ್ತರ ಅಂದರೆ ಭಯ ಇರುವವರು ಪ್ಯಾರಾಗ್ಲೈಡಿಂಗ್ ಮಾಡಬಹುದಾ?

ಗೆಳೆಯರೆಲ್ಲ ಸೇರಿ ಪ್ರವಾಸ ಹೊರಟಿದ್ದೀರಿ, ಅವರು ನಿಮ್ಮನ್ನೂ ಸೇರಿಸಿ ಪ್ಯಾರಾಗ್ಲೈಡಿಂಗ್ ಬುಕ್ ಮಾಡಿಬಿಟ್ಟಿದ್ದಾರೆ. ನಿಮಗೆ ಬಾಲ್ಕನಿಯಿಂದ ಕೆಳಗೆ ನೋಡಿದರೂ ಕಾಲು ನಡುಗುತ್ತದೆ. ಹೋಗಬೇಕಾ ಬೇಡವಾ ಅಂತ ಕೇಳಿದ್ದೀರಿ. ನನಗೂ ಇದೇ ಪರಿಸ್ಥಿತಿ ಬಂದಿತ್ತು. ಮೊದಲ ದಿನ ಬೇಡ ಅಂದೆ, ಎರಡನೇ ದಿನ ಹಾರಿದೆ. ನಡುವೆ ಏನು ಬದಲಾಯಿತು ಅಂತ ಹೇಳುತ್ತೇನೆ, ನಿಮಗೆ ತೀರ್ಮಾನ ಮಾಡಲು ಅನುಕೂಲ ಆದೀತು.

ಮೊದಲ ದಿನ ಬೆಟ್ಟ ಹತ್ತಿದಾಗ ಮಟಮಟ ಮಧ್ಯಾಹ್ನ. ಜನ ಸಾಲಾಗಿ ನಿಂತಿದ್ದರು. ನನ್ನ ಜೊತೆಗೇ ಹಾರಿ ನನ್ನನ್ನು ಕರೆದೊಯ್ಯಬೇಕಿದ್ದ ಪೈಲಟ್ ಬಂದವರೇ ಬೆಲ್ಟ್ ಬಿಗಿಯಲು ಶುರು ಮಾಡಿದರು. ಗಾಳಿ ಹೇಗಿದೆ, ಮೇಲೆ ಹೋದಮೇಲೆ ಭಯವಾದರೆ ಏನು ಮಾಡಬೇಕು ಅಂತ ಕೇಳಿದೆ. "ಏನೂ ಆಗಲ್ಲ, ಕಣ್ಣು ಮುಚ್ಚಿಕೊಂಡು ಓಡಿ" ಅಂದರು. ಅಷ್ಟೇ. ನನಗೆ ಅಂಗೈ ಒದ್ದೆಯಾಯಿತು. ಬೆಲ್ಟ್ ಬಿಚ್ಚಿ ಅಂದೆ. ಜೊತೆಯಲ್ಲಿದ್ದ ಒಬ್ಬರು "ಇಷ್ಟು ದೂರ ಬಂದು..." ಅಂತ ರಾಗ ಎಳೆದರು. ಇನ್ನೊಬ್ಬರು ಮುಖ ತಿರುಗಿಸಿದರು. ನಾನು ಪಕ್ಕದ ಬಂಡೆಯ ಮೇಲೆ ಹೋಗಿ ಕೂತೆ.

ಅಲ್ಲಿ ಕೂತು ಸುಮ್ನೆ ನೋಡಿದ್ದು ಒಳ್ಳೆಯದೇ ಆಯಿತು. ಅಲ್ಲಿವರೆಗೆ ಬೆಟ್ಟದ ತುದಿಯಿಂದ ಧುಮುಕಬೇಕು ಅಂತ ಅಂದುಕೊಂಡಿದ್ದೆ. ಹಾಗಿಲ್ಲ. ಪ್ಯಾರಾಶೂಟ್ ತರಹದ ಬಟ್ಟೆಯ ರೆಕ್ಕೆಯನ್ನು ಮೊದಲು ಹುಲ್ಲಿನ ಮೇಲೆ ಹರಡುತ್ತಾರೆ. ಇಬ್ಬರು ಹಾರುವ ರೆಕ್ಕೆ ಸುಮಾರು 40 ಚದರ ಮೀಟರ್ ಇರುತ್ತದೆ. ಅದರ ಮುಂಭಾಗದಲ್ಲಿ ಬಾಯಿ ತೆರೆದ ಚಿಕ್ಕ ಚಿಕ್ಕ ಕೋಣೆಗಳ ಸಾಲಿದೆ. ಎಳೆದ ಕೂಡಲೇ ಅವುಗಳೊಳಗೆ ಗಾಳಿ ನುಗ್ಗಿ, ಬಟ್ಟೆ ಉಬ್ಬಿ ತಲೆಯ ಮೇಲೆ ಬಂದು ನಿಲ್ಲುತ್ತದೆ. ರೆಕ್ಕೆ ಸರಿಯಾಗಿ ನಿಂತಿದೆಯಾ ಅಂತ ಪೈಲಟ್ ಮೇಲೆ ನೋಡುತ್ತಾರೆ. ಇಳಿಜಾರಿನಲ್ಲಿ ಓಟ ಆಮೇಲೆಯೇ. ನೆಗೆಯುವ ಪ್ರಶ್ನೆಯೇ ಇಲ್ಲ. ಓಡುತ್ತಾ ಓಡುತ್ತಾ ಹೆಜ್ಜೆಗೆ ನೆಲ ಸಿಗದೆ ಹೋಗುತ್ತದೆ. 1978ರಲ್ಲಿ ಫ್ರಾನ್ಸಿನ ಆಲ್ಪ್ಸ್ ಪರ್ವತದ ಮಿಯೂಸಿ ಎಂಬ ಊರಲ್ಲಿ ಕೆಲವು ಪ್ಯಾರಾಶೂಟ್ ಹವ್ಯಾಸಿಗಳು ವಿಮಾನದ ಗೊಡವೆಯೇ ಬೇಡ ಅಂತ ಹೀಗೇ ಇಳಿಜಾರಿನಲ್ಲಿ ಓಡಿ ಹಾರಿದ್ದರು. ಈ ಆಟ ಬೆಳೆದದ್ದು ಅಲ್ಲಿಂದ.

ಎರಡನೇ ದಿನ ಸಂಜೆ ಬೇರೆ ಪೈಲಟ್ ಹತ್ತಿರ ಹೋದೆ. ಭಯ ಇದೆ ಅಂತ ಮೊದಲೇ ಹೇಳಿದೆ. ಅವರು ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ್ದ ಗಾಳಿಚೀಲ ನೋಡಿದರು, ಹುಲ್ಲಿನ ಮೇಲೆ ಕೂತುಬಿಟ್ಟರು. "ಗಾಳಿ ಅಡ್ಡ ಬೀಸುತ್ತಿದೆ, ಈಗ ಬೇಡ" ಅಂದರು. ಒಂದು ಗಂಟೆಗೂ ಜಾಸ್ತಿ ಕಾದೆವು. ಇಬ್ಬರು ಬೇಸತ್ತು ಎದ್ದು ಹೋದರು, ಆದರೂ ಪೈಲಟ್ ಜಗ್ಗಲಿಲ್ಲ. ಕಾಯುವಾಗ ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಮಧ್ಯಾಹ್ನ ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತದೆ, ಆಗ ಕುಲುಕಾಟ ಜಾಸ್ತಿ. ಬೆಳಿಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ಗಾಳಿ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಸೀಟಿನಲ್ಲಿ ಇನ್ನೊಂದು ತುರ್ತು ಪ್ಯಾರಾಶೂಟ್ ಮಡಚಿಟ್ಟಿರುತ್ತಾರೆ ಅಂತ ಅದನ್ನೂ ತೋರಿಸಿದರು. ಆದರೆ ನನಗೆ ಧೈರ್ಯ ಬಂದದ್ದು ಇದರಿಂದಲ್ಲ. ಅವರು ಗಾಳಿ ನೋಡಿ "ಬೇಡ" ಅನ್ನುವುದನ್ನು ಕಣ್ಣಾರೆ ನೋಡಿದೆನಲ್ಲ, ಅದರಿಂದ. ಈ ಮನುಷ್ಯನಿಗೆ ಆತುರ ಇಲ್ಲ ಅಂತ ಖಾತ್ರಿಯಾಯಿತು.

ಹೊರಡುವ ಮುಂಚೆ ಎರಡೂ ತೊಡೆಯ ಬೆಲ್ಟ್, ಎದೆಯ ಬೆಲ್ಟ್ ಒಂದೊಂದಾಗಿ ಎಳೆದು ತೋರಿಸಿ, ನನ್ನ ಕೈಯಿಂದಲೂ ಎಳೆಸಿದರು. ಇದನ್ನು ನೀವು ತಪ್ಪದೆ ಮಾಡಿ. ಕೊಕ್ಕೆಗಳು ಟಕ್ ಅಂತ ಕೂತಿವೆಯಾ ಅಂತ ನೋಡಿ. ಅದರಲ್ಲೂ ತೊಡೆಯ ಬೆಲ್ಟ್ ಮರೆತರೆ ಜೀವಕ್ಕೇ ಅಪಾಯ. ಆಮೇಲೆ ಒಂದೇ ಮಾತು ಮೂರು ಸಲ ಹೇಳಿದರು: "ನಾನು ಹೇಳುವವರೆಗೆ ಕೂರಬೇಡಿ, ಕಾಲು ಗಾಳಿಯಲ್ಲಿದ್ದರೂ ಓಡುತ್ತಲೇ ಇರಿ." ಹೆದರಿದವರು ಅರ್ಧದಲ್ಲಿ ಓಟ ನಿಲ್ಲಿಸಿ ಕೂತುಬಿಡುತ್ತಾರಂತೆ. ಆಗ ವೇಗ ಸಾಲದೆ ಇಬ್ಬರೂ ನೆಲಕ್ಕೆ ಉಜ್ಜುತ್ತಾರೆ.

ಓಡಿದೆ. ಮೂರನೇ ಹೆಜ್ಜೆಗೆ ಹಿಂದಿನಿಂದ ಯಾರೋ ಜಗ್ಗಿದಂತಾಯಿತು, ಅದು ರೆಕ್ಕೆಯ ಎಳೆತ. ನನ್ನ ಕಾಲು ಅಲ್ಲೇ ಸೋತಿತು. ಕಿವಿಯ ಹತ್ತಿರ "ಓಡಿ, ಓಡಿ" ಅಂದರು. ಮುಂದೆ ಬಗ್ಗಿ ಮತ್ತೆ ಓಡಿದೆ, ನೋಡಿದರೆ ಕಾಲ ಕೆಳಗೆ ಹುಲ್ಲಿಲ್ಲ. ಗಟ್ಟಿಯಾಗಿ ಕೂಗಿಕೊಂಡೆ ಅಂತ ಕಾಣುತ್ತದೆ.

ನಿಮಗೆ ಮುಖ್ಯವಾಗಿ ಬೇಕಾದ ವಿಷಯ ಇದು. ಬಾಲ್ಕನಿಯಲ್ಲಿ ಆಗುವ ಭಯ ನನಗೆ ಮೇಲೆ ಆಗಲಿಲ್ಲ. ಬಾಲ್ಕನಿಯಲ್ಲಿ ಒಂದು ಅಂಚಿರುತ್ತದೆ, ಅದರ ಗೋಡೆ ನೇರ ಕೆಳಗಿಳಿಯುತ್ತದೆ, ಕಣ್ಣು ಅದರ ಜೊತೆಗೇ ಜಾರುತ್ತದೆ. ಮೇಲೆ ಆ ಅಂಚೇ ಇಲ್ಲ. ದೊಡ್ಡ ಕುರ್ಚಿಯಲ್ಲಿ ಒರಗಿ ಕೂತಂತೆ ಇರುತ್ತದೆ. ಹಗ್ಗಗಳಲ್ಲಿ ಗಾಳಿ ಸುಯ್ ಅನ್ನುತ್ತದೆ. ನಮ್ಮ ಪೈಲಟ್ ಹತ್ತಿರ ಒಂದು ಪುಟ್ಟ ಯಂತ್ರ ಇತ್ತು, ಮೇಲೇರಿದಾಗೆಲ್ಲ ಕೀ ಕೀ ಅನ್ನುತ್ತಿತ್ತು. ಹಾಗಂತ ಭಯ ಪೂರ್ತಿ ಹೋಯಿತು ಅನ್ನಲಾರೆ. ಒಮ್ಮೆ ಗಾಳಿ ಕುಲುಕಿದಾಗ ಪಟ್ಟಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ರಾತ್ರಿಯವರೆಗೂ ಬೆರಳು ನೋಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಸೂರ್ಯ ಇಳಿಯುತ್ತಿದ್ದ, ನಮ್ಮಿಬ್ಬರ ನೆರಳು ಕೆಳಗಿನ ಮರಗಳ ಮೇಲೆ ಹಾದು ಹೋಗುತ್ತಿತ್ತು. ಅದನ್ನು ನೋಡುತ್ತಾ ಕಣ್ಣಲ್ಲಿ ನೀರು ಬಂತು.

ಗಿರಗಿರ ಸುತ್ತು ಹೊಡೆಸಬೇಡಿ ಅಂತ ಕೆಳಗಿರುವಾಗಲೇ ಹೇಳಿಬಿಡಿ. ಹೊಟ್ಟೆ ತೊಳೆಸಿದರೆ ದೂರದ ದಿಗಂತ ನೋಡಿ. ಇಳಿಯುವಾಗ ಪೈಲಟ್ ಹೇಳಿದ ಹಾಗೆ ಮಾಡಿ, ಎದ್ದು ನಿಲ್ಲಿ ಅಂದರೆ ನಿಲ್ಲಿ, ಕಾಲೆತ್ತಿ ಅಂದರೆ ಎತ್ತಿ. ಹೃದಯದ ತೊಂದರೆ, ಬೆನ್ನಿನ ತೊಂದರೆ ಇದ್ದರೆ ಅಥವಾ ಬಸುರಿಯಾಗಿದ್ದರೆ ವೈದ್ಯರನ್ನು ಕೇಳದೆ ಹೋಗಲೇಬೇಡಿ.

ಗೆಳೆಯರಿಗೆ ಬೇಜಾರಾಗುತ್ತದೆ ಅಂತ ಮಾತ್ರ ಹಾರಬೇಡಿ. ನನ್ನ ಮೇಲೆ ಬೇಜಾರಾದವರು ಅದೇ ರಾತ್ರಿ ಮರೆತಿದ್ದರು. ನಾನು ಮೊದಲ ದಿನ ಬೇಡ ಅನ್ನದೇ ಹೋಗಿದ್ದರೆ ಎರಡನೇ ದಿನ ಹೂಂ ಅನ್ನಲು ಆಗುತ್ತಿರಲಿಲ್ಲ. ಇವತ್ತೇ ಅವರಿಗೆ ಹೇಳಿಬಿಡಿ: ಬೆಟ್ಟದವರೆಗೆ ಬರುತ್ತೇನೆ, ಪೈಲಟ್ ಜೊತೆ ಮಾತಾಡುತ್ತೇನೆ, ಮಿಕ್ಕಿದ್ದನ್ನು ಅಲ್ಲೇ ನೋಡೋಣ ಅಂತ.